ಮನೆಯೊಳಗೆ ನೆಟ್‌ವರ್ಕ್ ಇಲ್ಲ, ವರ್ಷದ ರೀಚಾರ್ಜ್ ಮುಗಿದಿಲ್ಲ: ಈಗ ಏನು ಮಾಡಬಹುದು?

ಥಾಣೆಯಲ್ಲೋ ಹಿಂಜವಾಡಿಯಲ್ಲೋ ಹೊಸ ಫ್ಲ್ಯಾಟಿಗೆ ಸಾಮಾನು ಸಾಗಿಸಿ ಎರಡು ದಿನವಾಗಿರುತ್ತದೆ. ಕೆಳಗೆ ಗೇಟಿನಲ್ಲಿ ನಿಂತಾಗ ಫೋನಿನಲ್ಲಿ ನಾಲ್ಕು ಕಡ್ಡಿ. ಲಿಫ್ಟ್ ಹತ್ತಿ ಮೇಲೆ ಬಂದು ಬಾಗಿಲು ಹಾಕಿದರೆ ಒಂದೇ ಕಡ್ಡಿ, ಬೆಡ್‌ರೂಮಿನಲ್ಲಿ ಅದೂ ಇಲ್ಲ. ಊರಿನಿಂದ ಅಮ್ಮ ಮಾಡಿದ ಕರೆ ‘ಸ್ವಿಚ್ಡ್ ಆಫ್’ ಎನ್ನುತ್ತದೆ. ಬ್ಯಾಂಕಿನ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಸಿಲಿಂಡರ್ ತಂದವನು ಮೂರು ಬಾರಿ ಕರೆ ಮಾಡಿ ವಾಪಸ್ ಹೋಗಿರುತ್ತಾನೆ. ಹೋದ ತಿಂಗಳಷ್ಟೇ 365 ದಿನದ ರೀಚಾರ್ಜ್ ಮಾಡಿಸಿದ್ದು ಆಗ ನೆನಪಾಗುತ್ತದೆ.

ಬ್ರಿಟನ್, ಅಮೆರಿಕದಲ್ಲಿ ಮೊಬೈಲ್ ಕಾಂಟ್ರ್ಯಾಕ್ಟ್ ಎಂದರೆ ಫೋನಿನ ಕಂತು ಸೇರಿಸಿ ಒಂದೆರಡು ವರ್ಷಕ್ಕೆ ಬರೆದುಕೊಡುವ ಕರಾರು. ಭಾರತದಲ್ಲಿ ಅಂಥದ್ದು ಕಡಿಮೆ. ಆದರೆ ಇಲ್ಲಿಯೂ ಕಟ್ಟಿಹಾಕುವ ಹಗ್ಗಗಳಿವೆ. ಆರು ತಿಂಗಳು, ಒಂದು ವರ್ಷದ ಹಣವನ್ನು ಮುಂಗಡ ಕಟ್ಟಿದ ಪ್ರಿಪೇಯ್ಡ್ ಪ್ಲಾನ್, ಮನೆಮಂದಿಯ ನಾಲ್ಕು ಸಂಖ್ಯೆ ಸೇರಿಸಿದ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್, ಆಫೀಸಿನ ಹೆಸರಿನಲ್ಲಿರುವ ಕಾರ್ಪೊರೇಟ್ ಸಿಮ್ ಎಲ್ಲವೂ ಒಂದು ಲೆಕ್ಕದಲ್ಲಿ ಕರಾರೇ. ಊರಿನಲ್ಲಿ ಅಪ್ಪನ ಕೈಯಲ್ಲಿ ಜಿಯೋಫೋನ್ ಇದ್ದರೆ ಅದಂತೂ ಜಿಯೋ ಸಿಮ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಸಿಗ್ನಲ್ ಬೇಕೆಂದರೆ ಫೋನನ್ನೇ ಬದಲಿಸಬೇಕು.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ನಮ್ಮ ನಿಯಮಗಳು ಕಂಪನಿ ಬಿಟ್ಟು ಹೋಗುವ ದಾರಿಯನ್ನು ಸಾಕಷ್ಟು ಸುಲಭ ಮಾಡಿವೆ. ಆದರೆ ‘ನನ್ನ ಮನೆಯೊಳಗೆ ಸಿಗ್ನಲ್ ಇಲ್ಲ, ಹಣ ವಾಪಸ್ ಕೊಡಿ’ ಎನ್ನುವವನಿಗೆ ಹೆಚ್ಚೇನೂ ಕೊಟ್ಟಿಲ್ಲ.

ಮೊದಲು ಕಾಯಿಲೆ ಯಾವುದು ಎಂದು ತಿಳಿಯಿರಿ

ಫೋನಿನ ಮೇಲ್ತುದಿಯ ಕಡ್ಡಿಗಳನ್ನು ನಂಬಿ ಕಸ್ಟಮರ್ ಕೇರ್‌ಗೆ ಕರೆ ಮಾಡಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನ್ ತಯಾರಕರು ಒಂದೊಂದು ರೀತಿ ನಿಗದಿ ಮಾಡಿಕೊಂಡಿರುತ್ತಾರೆ. ನಿಜವಾದ ಅಳತೆ ಡಿಬಿಎಂನಲ್ಲಿದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಚಿಹ್ನೆಯ ಸಂಖ್ಯೆ ಕಾಣುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪುಟ ತೆರೆದುಕೊಳ್ಳುತ್ತದೆ.

4ಜಿಯಲ್ಲಿ ಸುಮಾರು -90ರವರೆಗೆ ಇದ್ದರೆ ಚಿಂತೆಯಿಲ್ಲ. -110 ದಾಟಿದರೆ ಕಷ್ಟ ಶುರು. -120ರ ಹತ್ತಿರ ಕರೆ ನಿಲ್ಲುವುದೇ ಅದೃಷ್ಟ. ಈ ಅಳತೆಯಲ್ಲಿ ಪ್ರತಿ ಹತ್ತು ಅಂಕಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ಬಾಲ್ಕನಿಯಲ್ಲಿ -90, ಬೆಡ್‌ರೂಮಿನಲ್ಲಿ -110 ಇದ್ದರೆ ಒಳಗೆ ತಲುಪುತ್ತಿರುವುದು ಹೊರಗಿನ ಸಿಗ್ನಲ್‌ನ ನೂರನೇ ಒಂದು ಭಾಗ ಮಾತ್ರ. ಮಧ್ಯೆ ಇರುವುದು ನಿಮ್ಮದೇ ಗೋಡೆ.

ಬಾಲ್ಕನಿಯಲ್ಲಿ ಚೆನ್ನಾಗಿದ್ದು ಒಳಗೆ ಕುಸಿದರೆ ತೊಂದರೆ ಕಟ್ಟಡದ್ದು. ಬಾಲ್ಕನಿಯಲ್ಲೂ -112, -115 ಎಂದಿದ್ದರೆ ಆ ಪ್ರದೇಶದಲ್ಲಿ ಕಂಪನಿಯ ಟವರ್ ಸಾಲದು. ಅಂಕಿ ಚೆನ್ನಾಗಿದ್ದೂ ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ಡೇಟಾ ತೆವಳಿದರೆ ಟವರ್ ಮೇಲೆ ಜನ ಹೆಚ್ಚಾಗಿದ್ದಾರೆ ಎಂದರ್ಥ. ಮೂರಕ್ಕೂ ಮದ್ದು ಬೇರೆ ಬೇರೆ. ಇನ್ನೊಂದು ಸುಳಿವೂ ಇದೆ. ಫೋನ್ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ತೋರಿಸುತ್ತಿದ್ದರೆ, ಸಾಮಾನ್ಯವಾಗಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲ, ಆದರೆ ಬೇರೆ ಯಾರದೋ ಅಲ್ಲಿಗೆ ತಲುಪುತ್ತಿದೆ ಎಂದು ತಿಳಿಯಬಹುದು.

ಕಟ್ಟಡಗಳ ವಿಷಯದಲ್ಲಿ ಭೌತಶಾಸ್ತ್ರ ಸರಳ. ಕಡಿಮೆ ಕಂಪನಾಂಕದ ಅಲೆ ಗೋಡೆ ದಾಟುತ್ತದೆ, ಹೆಚ್ಚು ಕಂಪನಾಂಕದ್ದು ತಡೆದುಕೊಳ್ಳುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ 700, 850, 900 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಮನೆಯೊಳಗೆ ಬರುವುದರಲ್ಲಿ ಗಟ್ಟಿ. 2300 ಮೆಗಾಹರ್ಟ್ಸ್ ಅಷ್ಟಕ್ಕಷ್ಟೇ, 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಬ್ಯಾಂಡ್ ಇನ್ನೂ ಬಡಪಾಯಿ. ಹಾಗಾಗಿ ಮನೆಯೊಳಗೆ ಕರೆ ಕಡಿದುಹೋಗುತ್ತಿದ್ದರೆ ಕೆಲವು ದಿನ ಫೋನನ್ನು 5ಜಿಯಿಂದ 4ಜಿಗೆ ಇಳಿಸಿ ನೋಡಿ. ವೇಗ ತುಸು ಕಡಿಮೆಯಾದರೂ ಫೋನ್ ಎರಡರ ನಡುವೆ ಜೋಕಾಲಿ ಆಡುವುದು ತಪ್ಪುತ್ತದೆ. ವೋಲ್ಟಿ ಆನ್ ಆಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಬಹುಮಹಡಿ ಕಟ್ಟಡದಲ್ಲಿ ಇನ್ನೊಂದು ವಿಚಿತ್ರ ಉಂಟು. ಟವರ್‌ನ ಆಂಟೆನಾಗಳನ್ನು ರಸ್ತೆಯ ಜನರಿಗಾಗಿ ಕೆಳಮುಖವಾಗಿ ಬಾಗಿಸಿರುತ್ತಾರೆ. ಇಪ್ಪತ್ತನೇ ಮಹಡಿಯ ಫೋನಿಗೆ ದೂರದೂರದ ಹಲವು ಟವರ್‌ಗಳು ಒಟ್ಟಿಗೆ ಕಾಣುತ್ತವೆ, ಆದರೆ ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಕಡ್ಡಿ ತುಂಬಿದ್ದರೂ ಕರೆ ಕಡಿಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಮೂರನೇ ಮಹಡಿಯವರು ‘ಇಲ್ಲಿ ಇದೇ ಬೆಸ್ಟ್’ ಎಂದರೆ ಹದಿನೆಂಟನೇ ಮಹಡಿಗೆ ಅದು ಅನ್ವಯಿಸಬೇಕೆಂದಿಲ್ಲ.

ಊರಿನ ಸಿಮ್ ಇಲ್ಲಿ ಏಕೆ ಸೋಲುತ್ತದೆ?

ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಚೆನ್ನಾಗಿ ನಡೆಯುತ್ತಿದ್ದ ನೆಟ್‌ವರ್ಕ್ ಮುಂಬೈಗೆ ಬಂದ ಮೇಲೆ ಕೈಕೊಟ್ಟರೆ ಆಶ್ಚರ್ಯಪಡಬೇಕಿಲ್ಲ. ತರಂಗಾಂತರ ಹರಾಜಾಗುವುದು ಸರ್ಕಲ್ ಲೆಕ್ಕದಲ್ಲಿ. ಕರ್ನಾಟಕ ಒಂದು ಸರ್ಕಲ್, ಮುಂಬೈ ಬೇರೆ, ಪುಣೆ ಸೇರಿದ ಮಹಾರಾಷ್ಟ್ರ-ಗೋವಾ ಮತ್ತೊಂದು. ಒಂದೇ ಕಂಪನಿಯ ಬಳಿ ಒಂದು ಸರ್ಕಲ್‌ನಲ್ಲಿ ಇರುವಷ್ಟು ಕಡಿಮೆ ಕಂಪನಾಂಕದ ತರಂಗಾಂತರ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಕಂಪನಿಯ ಹೆಸರು ಒಂದೇ ಆದರೂ ಗೋಡೆ ದಾಟುವ ಶಕ್ತಿ ಊರಿಂದೂರಿಗೆ ಬೇರೆಯಾಗುವುದು ಹೀಗೆ.

ಸಂಖ್ಯೆ ಬಿಡಬೇಕಲ್ಲ ಎಂಬ ಚಿಂತೆಯಲ್ಲಿ ಅನೇಕರು ಹಳೆಯ ಸಿಮ್ ಅನ್ನೇ ಸಹಿಸಿಕೊಂಡಿರುತ್ತಾರೆ. ಅದರ ಅಗತ್ಯವಿಲ್ಲ. 2015ರ ಜುಲೈ 3ರಿಂದ ಸಂಖ್ಯೆ ಬದಲಿಸದೆ ದೇಶದ ಯಾವುದೇ ಸರ್ಕಲ್‌ಗೆ ಪೋರ್ಟ್ ಆಗಬಹುದು. ಕರ್ನಾಟಕದ ಸಂಖ್ಯೆಯನ್ನೇ ಇಟ್ಟುಕೊಂಡು ದೆಹಲಿಯಲ್ಲಿ ಬೇರೆ ಕಂಪನಿಯ ಗ್ರಾಹಕರಾಗಬಹುದು.

ನಿಯಮ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ಕರೆ ಕಡಿದರೆ ಗ್ರಾಹಕನಿಗೆ ಹಣ ಕೊಡಿಸುವ ಪ್ರಯತ್ನ ಒಮ್ಮೆ ನಡೆದಿತ್ತು. ಕಡಿದ ಪ್ರತಿ ಕರೆಗೆ 1 ರೂಪಾಯಿ, ದಿನಕ್ಕೆ ಗರಿಷ್ಠ 3 ರೂಪಾಯಿ ಪರಿಹಾರ ಕೊಡಬೇಕೆಂದು 2015ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ತಂದಿತು. 2016ರ ಜನವರಿ 1ರಿಂದ ಜಾರಿಯಾಗಬೇಕಿದ್ದ ಅದನ್ನು ಕಂಪನಿಗಳು ಪ್ರಶ್ನಿಸಿದವು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ಅಲ್ಲಿಗೆ ಆ ಕಥೆ ಮುಗಿಯಿತು.

ಈಗ ಇರುವುದು 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಸೇವಾ ಗುಣಮಟ್ಟದ ನಿಯಮಾವಳಿ. ಗುಣಮಟ್ಟ ಕಾಯ್ದುಕೊಳ್ಳದ ಕಂಪನಿಗೆ ದಂಡ 50 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ. ಆ ಹಣ ಗ್ರಾಹಕನ ಜೇಬಿಗೆ ಬರುವುದಿಲ್ಲ. ನೇರವಾಗಿ ತಟ್ಟುವ ಒಂದು ಅಂಶ ಎಂದರೆ, ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗಿಂತ ಹೆಚ್ಚು ಕಾಲ ನಿಂತುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್‌ನಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ಅಷ್ಟು ದಿನದ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ನೈಸರ್ಗಿಕ ವಿಕೋಪದ ಸಂದರ್ಭಕ್ಕೆ ವಿನಾಯಿತಿ ಇದೆ.

ಇಲ್ಲಿ ಹೊರರಾಜ್ಯದ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ಬಿಲ್ ಕಡಿತ ಸಿಗುವುದು ತೊಂದರೆಯಾದ ಜಿಲ್ಲೆಯಲ್ಲಿ ನೋಂದಾಯಿತರಾದ ಗ್ರಾಹಕರಿಗೆ. ವಾಸ ಪುಣೆಯಲ್ಲಿ, ಸಿಮ್ ದಾಖಲೆಯ ವಿಳಾಸ ಧಾರವಾಡದಲ್ಲಿ ಇದ್ದರೆ ಪುಣೆಯಲ್ಲಿ ಎರಡು ದಿನ ನೆಟ್‌ವರ್ಕ್ ಹೋದರೂ ಆ ಪಟ್ಟಿಯಲ್ಲಿ ಹೆಸರು ಬರುವುದು ಅನುಮಾನ.

ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಈ ಅಳತೆಗಳೆಲ್ಲ ಪ್ರದೇಶದವು, ಮನೆಯವಲ್ಲ. ಕರೆ ಕಡಿತ ಶೇ 2ರ ಒಳಗಿರಬೇಕು ಎಂಬುದು ಮಾನದಂಡ. ಲಕ್ಷಾಂತರ ಕರೆಗಳ ಲೆಕ್ಕದಲ್ಲಿ ನಿಮ್ಮ ಬೆಡ್‌ರೂಮಿನ ಹತ್ತು ಕರೆ ಹತ್ತೂ ಕಡಿದರೂ ಕಂಪನಿ ಪಾಸ್. ಇದನ್ನು ಅನ್ಯಾಯ ಎಂದು ಕರೆಯುವುದು ಸುಲಭ, ಆದರೆ ಪ್ರತಿ ಗೋಡೆಯ ದಪ್ಪಕ್ಕೂ ಕಂಪನಿಯನ್ನು ಹೊಣೆ ಮಾಡುವ ನಿಯಮ ಬರೆಯುವುದು ಸುಲಭವಲ್ಲ. ತಪ್ಪು ಇರುವುದು ಬೇರೆಡೆ. ಸಿಗ್ನಲ್ ಇದೆಯೋ ಇಲ್ಲವೋ ಪರೀಕ್ಷಿಸಿ ನೋಡುವ ಅವಕಾಶವನ್ನೇ ಕೊಡದೆ ವರ್ಷದ ಹಣ ಒಮ್ಮೆಗೇ ಪಡೆಯುವುದು ಮಾರಾಟದ ರೂಢಿಯಾಗಿಬಿಟ್ಟಿದೆ.

ಇದೇ 2024ರ ನಿಯಮಾವಳಿಯಲ್ಲಿ ಉಪಯೋಗಕ್ಕೆ ಬರುವ ಇನ್ನೊಂದು ಅಂಶವಿದೆ. ಕಂಪನಿಗಳು 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ನಕ್ಷೆ ತೋರಿಸುವುದು ಹೊರಾಂಗಣದ ಅಂದಾಜನ್ನು ಎಂಬುದು ನೆನಪಿರಲಿ. ಅದರಲ್ಲಿ ನಿಮ್ಮ ಬೀದಿಗೆ ಬಣ್ಣವಿದ್ದರೆ ಮನೆಯೊಳಗೂ ಸಿಗ್ನಲ್ ಇದೆ ಎಂದರ್ಥವಲ್ಲ. ಆದರೆ ನಿಮ್ಮ ಬೀದಿಗೇ ಬಣ್ಣವಿಲ್ಲದಿದ್ದರೆ ವಾದ ಮುಗಿಯಿತು, ಹೊರಡುವುದೇ ಮೇಲು. ಸುತ್ತಮುತ್ತ ಯಾವ ಟವರ್ ಇದೆ ಎಂದು ನೋಡಲು ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣವೂ ಇದೆ.

ವೈಫೈ ಕಾಲಿಂಗ್ ಆನ್ ಮಾಡಿದ್ದೀರಾ?

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರು ಹಣ ಖರ್ಚಿಲ್ಲದೆ ಮಾಡಬಹುದಾದ ಮೊದಲ ಕೆಲಸ ಇದು. ಕಂಪನಿಯ ಟವರ್ ಬದಲು ಮನೆಯ ವೈಫೈ ಮೂಲಕವೇ ಮಾಮೂಲಿ ಕರೆ ಹೋಗುತ್ತದೆ, ಬರುತ್ತದೆ. ಸಂಖ್ಯೆ ಅದೇ, ಪ್ಲಾನ್ ಅದೇ. ಎದುರಿನವರು ಯಾವ ಆ್ಯಪ್ ಅನ್ನೂ ಹಾಕಿಕೊಳ್ಳಬೇಕಿಲ್ಲ, ಅವರ ಬಳಿ ಕೀಪ್ಯಾಡ್ ಫೋನ್ ಇದ್ದರೂ ಸರಿ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ ಶುರು ಮಾಡಿತು, ಜಿಯೋ 2020ರ ಜನವರಿಯಲ್ಲಿ. ವಿಐ 2020ರ ಕೊನೆಯಲ್ಲಿ ಕೆಲವು ಸರ್ಕಲ್‌ಗಳಿಂದ ಆರಂಭಿಸಿತು. ಇಷ್ಟು ವರ್ಷವಾದರೂ ಫೋನಿನಲ್ಲಿ ಇದು ಆಫ್ ಆಗಿಯೇ ಇರುವವರು ಎಷ್ಟೋ ಮಂದಿ.

ಆಂಡ್ರಾಯ್ಡ್‌ನಲ್ಲಿ ಸಿಮ್ ಅಥವಾ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ, ಐಫೋನ್‌ನಲ್ಲಿ ‘ಸೆಲ್ಯುಲರ್’ ಅಥವಾ ‘ಮೊಬೈಲ್ ಸರ್ವೀಸ್’ ಒಳಗೆ ‘ವೈಫೈ ಕಾಲಿಂಗ್’ ಎಂಬ ಗುಂಡಿ ಇರುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆನ್ ಮಾಡಬೇಕು. ಕೆಲವು ಫೋನ್‌ಗಳಲ್ಲಿ ವೈಫೈಗೆ ಆದ್ಯತೆ ಕೊಡುವ ಆಯ್ಕೆಯೂ ಇದೆ, ಇಲ್ಲದಿದ್ದರೆ ಒಂದು ಕಡ್ಡಿ ಉಳಿದಿರುವವರೆಗೂ ಫೋನ್ ಟವರ್‌ಗೇ ಜೋತುಬಿದ್ದಿರುತ್ತದೆ. ಒಟಿಪಿ ಎಸ್‌ಎಂಎಸ್ ಕೂಡ ಹೆಚ್ಚಿನ ಫೋನ್‌ಗಳಲ್ಲಿ ಈ ದಾರಿಯಲ್ಲೇ ಬರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ಬ್ಯಾಂಕ್ ಕೆಲಸ ತುರ್ತಾಗಿ ಬರುವ ಮೊದಲೇ ಒಮ್ಮೆ ಪರೀಕ್ಷಿಸಿಕೊಳ್ಳಿ. ಕರೆಂಟ್ ಹೋದಾಗ ರೂಟರ್ ಸತ್ತರೆ ಕರೆಯೂ ಸಾಯುತ್ತದೆ. ವಯಸ್ಸಾದವರು ಒಂಟಿಯಾಗಿರುವ ಮನೆಯಲ್ಲಿ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸುವುದು ದುಂದು ಅನ್ನಿಸಿಕೊಳ್ಳುವುದಿಲ್ಲ.

ಬ್ರಾಡ್‌ಬ್ಯಾಂಡ್ ಇಲ್ಲದವರಿಗೆ ಎರಡನೇ ಸಿಮ್ ದಾರಿ. ಇದಕ್ಕಾಗಿ ದುಬಾರಿ ಡೇಟಾ ಪ್ಯಾಕ್ ಕೊಳ್ಳಬೇಕಿಲ್ಲ. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನು ಎಲ್ಲ ಕಂಪನಿಗಳೂ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಡ್ಡಾಯ ಮಾಡಿದೆ. ಕಂಪನಿಗಳ ಆ್ಯಪ್‌ನಲ್ಲಿ ಇವು ಮೊದಲ ಪರದೆಯಲ್ಲಿ ಕಾಣದಿದ್ದರೆ ಕೆಳಗಿನವರೆಗೂ ಹುಡುಕಬೇಕಾದೀತು.

ಆನ್‌ಲೈನ್‌ನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ ಕಡೆ ಮಾತ್ರ ಕೈಹಾಕಬೇಡಿ. ಅನುಮತಿಯಿಲ್ಲದೆ ಖಾಸಗಿಯವರು ಇದನ್ನು ಇಟ್ಟುಕೊಳ್ಳುವುದು, ಬಳಸುವುದು ಕಾನೂನುಬಾಹಿರ. ನಿಮ್ಮ ಮನೆಯ ಸಿಗ್ನಲ್ ಎತ್ತುವ ಭರದಲ್ಲಿ ಅದು ಟವರ್‌ಗೆ ಗದ್ದಲ ತುಂಬಿ ಇಡೀ ಬೀದಿಯ ಕರೆಗಳನ್ನು ಕೆಡಿಸುತ್ತದೆ. ಇಂಥವನ್ನು ಹುಡುಕಿ ಕಿತ್ತುಹಾಕುವ ಕಾರ್ಯಾಚರಣೆಗಳು ದೆಹಲಿ, ಮುಂಬೈಯಂಥ ನಗರಗಳಲ್ಲಿ ನಡೆದಿವೆ.

ಕಟ್ಟಡದ ಒಳಗೇ ಸಣ್ಣ ಆಂಟೆನಾಗಳ ಜಾಲ ಹಾಕುವ ಅಧಿಕೃತ ವ್ಯವಸ್ಥೆಯೂ ಇದೆ. ಅದನ್ನು ಕಂಪನಿಯೇ ಮಾಡಬೇಕು, ಹೌಸಿಂಗ್ ಸೊಸೈಟಿ ಒಪ್ಪಬೇಕು. ಒಬ್ಬರ ದೂರಿಗಿಂತ ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ನಲವತ್ತು ಮನೆಗಳ ಸಂಖ್ಯೆ ಮತ್ತು ಡಿಬಿಎಂ ಅಂಕಿ ಹೊತ್ತ ಪತ್ರಕ್ಕೆ ತೂಕ ಜಾಸ್ತಿ. ಟವರ್ ಬೇಡ ಎಂದು ಮೀಟಿಂಗ್‌ನಲ್ಲಿ ಕೈ ಎತ್ತಿದವರೇ ಮರುದಿನ ಸಿಗ್ನಲ್ ಇಲ್ಲವೆಂದು ಗೊಣಗುವ ಸೊಸೈಟಿಗಳಲ್ಲಿ ಈ ಪತ್ರ ಹೊರಡುವುದು ತಡವಾಗುತ್ತದೆ, ಅದು ಬೇರೆ ಮಾತು.

ದೂರು ಹೇಗಿರಬೇಕು?

198ಕ್ಕೆ ಕರೆ ಮಾಡಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ದೂರು ಕೊಡಿ. ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಒಂದೇ ಸಾಲಿನ ದೂರು ‘ಫೋನ್ ರೀಸ್ಟಾರ್ಟ್ ಮಾಡಿ’ ಎಂಬ ಒಂದೇ ಸಾಲಿನ ಉತ್ತರ ತರುತ್ತದೆ. ಪಿನ್‌ಕೋಡ್ ಸಹಿತ ವಿಳಾಸ, ಮಹಡಿ, ಯಾವ ಕೋಣೆಯಲ್ಲಿ ಎಷ್ಟು ಡಿಬಿಎಂ, ಯಾವ ದಿನ ಯಾವ ಹೊತ್ತಿಗೆ ಕರೆ ಕಡಿಯಿತು, ಇನ್ನೊಂದು ಫೋನಿನಲ್ಲಿ ಅದೇ ಸಿಮ್ ಹಾಕಿ ನೋಡಿದಾಗ ಏನಾಯಿತು ಎಂಬಷ್ಟನ್ನು ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎಸ್‌ಎಂಎಸ್‌ನಲ್ಲಿ ಬರುವ ಡಾಕೆಟ್ ಸಂಖ್ಯೆ ಎಲ್ಲಕ್ಕಿಂತ ಮುಖ್ಯ. ಅದಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ.

ಪರಿಹಾರ ಸಿಗದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ. 39 ದಿನದೊಳಗೆ ತೀರ್ಮಾನವಾಗಬೇಕು. ಟ್ರಾಯ್‌ಗೆ ಪತ್ರ ಬರೆದು ಕಾಯುವವರಿದ್ದಾರೆ, ಆದರೆ ಟ್ರಾಯ್ ವೈಯಕ್ತಿಕ ದೂರುಗಳನ್ನು ಇತ್ಯರ್ಥ ಮಾಡುವ ಸಂಸ್ಥೆಯಲ್ಲ. ಕಂಪನಿ ಕಿವಿಗೊಡದಿದ್ದರೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಅಥವಾ 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು.

ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ದೂರುಗಳು ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂಬ ವಾದ ಹಲವು ವರ್ಷ ನಡೆದಿತ್ತು. ಸರಾಸರಿ ನೂರಾರು ರೂಪಾಯಿ ಬರುತ್ತಿದ್ದ ತಿಂಗಳ ಬಿಲ್ 24 ಸಾವಿರ ದಾಟಿತೆಂದು ಅಹಮದಾಬಾದಿನ ಗ್ರಾಹಕರೊಬ್ಬರು ಹೂಡಿದ ಪ್ರಕರಣದಲ್ಲಿ 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಹೂಡಬಹುದು. ಬೆಳಗಾವಿಯಲ್ಲಿ ಕೊಂಡ ಸಿಮ್ ಎಂದು ಬೆಳಗಾವಿಗೆ ಓಡಬೇಕಿಲ್ಲ, ಹೈದರಾಬಾದಿನಲ್ಲೇ ಸಾಕು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ‘ಇ-ಜಾಗೃತಿ’ ಜಾಲತಾಣದಲ್ಲಿ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಆದರೆ ಮೂರು ಸಾವಿರದ ರೀಚಾರ್ಜ್‌ಗಾಗಿ ತಿಂಗಳುಗಟ್ಟಲೆ ಕಾಯುವುದು ಎಲ್ಲರಿಗೂ ಆಗುವ ಮಾತಲ್ಲ. ಕಂಪನಿಯ ಪ್ರತಿನಿಧಿ ‘ಈ ಕಟ್ಟಡದಲ್ಲಿ ಫುಲ್ ನೆಟ್‌ವರ್ಕ್’ ಎಂದು ಬರಹದಲ್ಲಿ ಕೊಟ್ಟಿದ್ದರೆ, ಅಥವಾ ಸೇವೆಯೇ ಇಲ್ಲದೆ ಬಿಲ್ ಬರುತ್ತಿದ್ದರೆ ಆಗ ಈ ದಾರಿಗೆ ಅರ್ಥವಿದೆ.

ಬಿಟ್ಟು ಹೊರಡುವುದಾದರೆ

ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ಸಂಖ್ಯೆ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಪೋರ್ಟಿಂಗ್ ಕೋಡ್ ಬರುತ್ತದೆ. ಸಿಗ್ನಲ್ ಇಲ್ಲವೆಂದು ಬಿಡುವುದಕ್ಕೂ ಅದೇ ಸಿಗ್ನಲ್ ಬೇಕು, ಹಾಗಾಗಿ ಈ ಕೆಲಸ ಗೇಟಿನ ಬಳಿ ನಿಂತು ಮಾಡಿ. ಕೋಡ್‌ಗೆ 4 ದಿನ ಆಯುಷ್ಯ. ಜಮ್ಮು-ಕಾಶ್ಮೀರ, ಅಸ್ಸಾಂ, ಈಶಾನ್ಯದಲ್ಲಿ ಮಾತ್ರ ಹೆಚ್ಚು. ಅದೇ ಸರ್ಕಲ್ ಒಳಗೆ ಪೋರ್ಟ್ ಆಗಲು 3 ಕೆಲಸದ ದಿನ, ಕರ್ನಾಟಕದ ಸಂಖ್ಯೆಯನ್ನು ಚೆನ್ನೈಗೆ ತರುವಂತೆ ಸರ್ಕಲ್ ದಾಟಲು 5 ಕೆಲಸದ ದಿನ.

ಕರಾರಿನ ಹಗ್ಗಗಳು ಎದುರಾಗುವುದು ಇಲ್ಲಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್‌ನವರು ಗಡುವು ಮೀರಿದ ಬಿಲ್ ಉಳಿಸಿಕೊಂಡಿರಬಾರದು. ಸಹಿ ಮಾಡಿದ ಒಪ್ಪಂದದಲ್ಲಿ ನಿರ್ಗಮನದ ಷರತ್ತಿದ್ದರೆ ಅದನ್ನು ಪೂರೈಸಿರಬೇಕು. ಕಾರ್ಪೊರೇಟ್ ಸಂಖ್ಯೆಗೆ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಕೆಲಸ ಬಿಡುವ ಮೊದಲು ಎಚ್‌ಆರ್‌ನಿಂದ ಅದನ್ನು ಪಡೆದುಕೊಂಡರೆ ಒಳ್ಳೆಯದು, ಬಿಟ್ಟ ಮೇಲೆ ಕೇಳುವುದು ಇನ್ನೊಂದು ದೂರಿನ ಕಥೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಸಿಗ್ನಲ್ ದೂರಿಗೆ ‘ಸಿಮ್ ಕೆಟ್ಟಿರಬಹುದು, ಹೊಸದು ತೆಗೆದುಕೊಳ್ಳಿ’ ಎಂಬ ಸಲಹೆ ಬರುವುದುಂಟು. 2024ರ ಜುಲೈ 1ರಿಂದ ಜಾರಿಯಾದ ನಿಯಮದಂತೆ ಕಳೆದ ಅಥವಾ ಕೆಟ್ಟ ಸಿಮ್ ಬದಲಿಗೆ ಹೊಸದು ಪಡೆದರೆ 7 ದಿನ ಪೋರ್ಟಿಂಗ್ ಕೋಡ್ ಸಿಗುವುದಿಲ್ಲ. ಸಂಖ್ಯೆ ಕದಿಯುವ ವಂಚಕರನ್ನು ತಡೆಯಲು ತಂದ ಒಳ್ಳೆಯ ನಿಯಮವೇ ಇದು, ಆದರೆ ಹೊರಡಲು ಗಂಟು ಕಟ್ಟಿದವರು ಇದನ್ನು ತಿಳಿದಿರಬೇಕು.

ಪ್ರಿಪೇಯ್ಡ್‌ನವರಿಗೆ ಯಾವ ಕಾಗದದ ಕರಾರೂ ಅಡ್ಡಬರುವುದಿಲ್ಲ. ಆದರೆ ಉಳಿದ ಬ್ಯಾಲೆನ್ಸ್, ಉಳಿದ ವ್ಯಾಲಿಡಿಟಿ ಹೊಸ ಕಂಪನಿಗೆ ಜೊತೆಯಲ್ಲಿ ಬರುವುದಿಲ್ಲ. ವರ್ಷದ ಪ್ಲಾನಿನಲ್ಲಿ ಹತ್ತು ತಿಂಗಳು ಬಾಕಿಯಿದ್ದರೆ ಹತ್ತು ತಿಂಗಳ ಹಣ ಹೋಯಿತು. ವೈಫೈ ಕಾಲಿಂಗ್‌ನಿಂದ ದಿನ ದೂಡಬಹುದಾದರೆ ಅವಧಿ ಮುಗಿಯುವವರೆಗೆ ದೂಡಿ ಆಮೇಲೆ ಹೊರಡುವುದು ಜಾಣತನ. ಮನೆಯಲ್ಲಿ ಹೃದ್ರೋಗಿಯೋ ಬಾಣಂತಿಯೋ ಇದ್ದು ರಾತ್ರಿ ಒಂದು ಕರೆ ಹೋಗದಿದ್ದರೆ ಅನಾಹುತವಾಗುವಂತಿದ್ದರೆ ಆ ಲೆಕ್ಕ ಬಿಟ್ಟುಬಿಡಿ, ಇಂದೇ ಎರಡನೇ ಸಿಮ್ ತನ್ನಿ.

ಬಾಡಿಗೆ ಮನೆ ನೋಡಲು ಹೋಗುವವರು ನೀರು, ಪಾರ್ಕಿಂಗ್ ಕೇಳಿದ ಮೇಲೆ ಬಾಗಿಲು, ಕಿಟಕಿ ಮುಚ್ಚಿಸಿ ಒಳಗಿನ ಕೋಣೆಯಿಂದ ಒಂದು ಕರೆ ಮಾಡಿ ನೋಡಬಹುದು. ಸಾಧ್ಯವಾದರೆ ಜೊತೆಗೆ ಬಂದ ಗೆಳೆಯರ ಬೇರೆ ಕಂಪನಿಯ ಫೋನ್‌ನಿಂದಲೂ. ಫ್ಲ್ಯಾಟ್ ಕೊಳ್ಳುವವರಿಗೆ ಮುಂದೆ ಇನ್ನೂ ಸುಲಭವಾದೀತು. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಸ್ಟಾರ್ ರೇಟಿಂಗ್ ಕೊಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ಬ್ರೋಷರ್‌ನಲ್ಲಿ ಈಜುಕೊಳದ ಚಿತ್ರದ ಪಕ್ಕ ಆ ನಕ್ಷತ್ರಗಳು ಎಷ್ಟಿವೆ ಎಂದು ಬಿಲ್ಡರ್‌ನನ್ನು ಕೇಳಲು ಅಡ್ಡಿಯಿಲ್ಲ. ಹೊಸ ಮನೆಗೆ ಹೋದ ಮೊದಲ ತಿಂಗಳು ಮಾತ್ರ 28 ದಿನದ ರೀಚಾರ್ಜ್ ಸಾಕು.